ಇನ್‌ಸ್ಟಾಲರ್‌ನ ಡಾಕ್ಯುಮೆಂಟೇಶನ್ ಒಪ್ಪ ಮಾಡುವುದು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾವು ಕೆಲವರು ಸೇರಿ ಪೈಥಾನ್‌ನಲ್ಲಿ ಬರೆದ ಒಂದು ಓಪನ್ ಸೋರ್ಸ್ ಪ್ಯಾಕೇಜ್ ಇನ್‌ಸ್ಟಾಲರ್ ನೋಡಿಕೊಳ್ಳುತ್ತಿದ್ದೇವೆ. ಅಂದರೆ ಸಾಫ್ಟ್‌ವೇರ್ ಪ್ಯಾಕೇಜ್‌ಗಳನ್ನು ಮಿಷಿನ್‌ಗೆ ತಂದು ಹಾಕುವ, ಪೂರ್ತಿ ಟರ್ಮಿನಲ್‌ನಲ್ಲೇ ಓಡುವ ಟೂಲ್. ಅದರ ಡಾಕ್ಯುಮೆಂಟೇಶನ್ ವರ್ಷಗಟ್ಟಲೆ ಬೆಳೆದು ಈಗ ತಲೆಬುಡ ಗೊತ್ತಾಗದ ಹಾಗಾಗಿದೆ. ರೀಡ್‌ಮಿ (ಕೋಡ್ ಜೊತೆ ಇಡುವ ಪರಿಚಯದ ಫೈಲ್) ಒಂದು ಹೇಳುತ್ತದೆ, ಹೆಲ್ಪ್ (ಟೂಲೇ ಟರ್ಮಿನಲ್‌ನಲ್ಲಿ ತೋರಿಸುವ ಸಹಾಯ) ಇನ್ನೊಂದು ಹೇಳುತ್ತದೆ, ವೆಬ್‌ಸೈಟ್‌ನ ಗೈಡ್ ಮತ್ತೊಂದು. ಎಲ್ಲ ತೆಗೆದುಹಾಕಿ ಹೊಸದಾಗಿ ಬರೆಯೋಣ ಅಂತ ತಂಡದಲ್ಲಿ ಕೆಲವರು ಹೇಳುತ್ತಿದ್ದಾರೆ. ನಾನು ಕೋಡ್ ಬರೆಯುವವಳು, ಬರಹಗಾರ್ತಿಯಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಹೊಸದಾಗಿ ಬರೆಯಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಆ ದಾರಿ ಹಿಡಿದರೆ ಮುಂದೆ ಏನಾಗುತ್ತದೆ ಅನ್ನುವುದು ಹೆಚ್ಚುಕಡಿಮೆ ಗೊತ್ತಿರುವುದೇ. ಬೇರೆ ಬ್ರಾಂಚ್‌ನಲ್ಲಿ, ಅಂದರೆ ಕೋಡ್‌ನ ಪ್ರತ್ಯೇಕ ಪ್ರತಿಯಲ್ಲಿ, ಹೊಸ ಡಾಕ್ಯುಮೆಂಟೇಶನ್ ಶುರುವಾಗುತ್ತದೆ. ಮೊದಲ ಕೆಲವು ಪುಟ ಚೆನ್ನಾಗಿಯೇ ಬರುತ್ತವೆ. ಅಷ್ಟರಲ್ಲಿ ಕೋಡ್ ಬದಲಾಗುತ್ತದೆ. ಆ ಬದಲಾವಣೆ ಹಳೆ ಪುಟಕ್ಕೆ ಸೇರುತ್ತದೆ, ಹೊಸ ಪುಟಕ್ಕೆ ಸೇರುವುದಿಲ್ಲ. ಕೊನೆಗೆ ಮೂರು ಕಡೆ ಇದ್ದ ಮಾತು ನಾಲ್ಕು ಕಡೆ ಆಗುತ್ತದೆ. ಇನ್ನೊಂದು ಕಾರಣವೂ ಇದೆ. ಹಳೆ ಪುಟಗಳಲ್ಲಿ ವಿಚಿತ್ರವಾಗಿ ಕಾಣುವ ಸಾಲುಗಳ ಹಿಂದೆ ಯಾರೋ ಪಟ್ಟ ಪಾಡು ಇರುತ್ತದೆ. 'ಪ್ರಾಕ್ಸಿ ಹಿಂದೆ ಇದ್ದರೆ ಇದನ್ನೂ ಸೇರಿಸಿ' ಅನ್ನುವಂಥ ಸಾಲು ಸುಮ್ನೆ ಬಂದು ಕೂತಿರುವುದಿಲ್ಲ. ಎಲ್ಲವನ್ನೂ ಗುಡಿಸಿ ಹಾಕಿದರೆ ಅದೂ ಹೋಗುತ್ತದೆ, ಸ್ವಲ್ಪ ದಿನಕ್ಕೆ ಅದೇ ಇಶ್ಯೂ (ಬಳಸುವವರು ಬರೆದು ಕಳಿಸುವ ದೂರು) ಮತ್ತೆ ಬಾಗಿಲು ತಟ್ಟುತ್ತದೆ.

ಒಪ್ಪ ಮಾಡುವುದು ಅಂದರೆ ನನ್ನ ಪ್ರಕಾರ ಇಷ್ಟು: ಒಂದು ವಿಷಯಕ್ಕೆ ಒಂದೇ ಜಾಗ ಕೊಡಬೇಕು, ಆ ಜಾಗ ಅವಸರದಲ್ಲಿರುವವರಿಗೆ ಸಿಗಬೇಕು. ಅವಸರ ಅಂತ ಬೇಕಂತಲೇ ಹೇಳುತ್ತಿದ್ದೇನೆ. ಇನ್‌ಸ್ಟಾಲರ್ ಬಗ್ಗೆ ಓದಬೇಕು ಅಂತ ಆಸೆಪಟ್ಟು ಯಾರೂ ಬರುವುದಿಲ್ಲ. ಅವರಿಗೆ ಬೇಕಾಗಿದ್ದು ಇನ್ನೇನೋ. ಒಂದು ಗ್ರಾಫ್ ಬಿಡಿಸಬೇಕಿತ್ತು, ಒಂದು ಸರ್ವರ್ ಓಡಿಸಬೇಕಿತ್ತು. ನಡುವೆ ಇನ್‌ಸ್ಟಾಲ್ ನಿಂತುಹೋಯಿತು, ಟರ್ಮಿನಲ್ ತುಂಬ ಕೆಂಪು ಅಕ್ಷರ. ಆ ಸ್ಥಿತಿಯಲ್ಲಿ ಅವರು ನಿಮ್ಮ ಪುಟಕ್ಕೆ ಬಂದಿದ್ದಾರೆ. ಹಾಗಾಗಿ ಪ್ರತಿ ಪುಟದ ಮುಂದೆ ಕೂತು ಕೇಳಬೇಕಾದದ್ದು, ಇದನ್ನು ನೋಡಿದವರು ಎಷ್ಟು ಬೇಗ ತಮ್ಮ ಕೆಲಸಕ್ಕೆ ವಾಪಸ್ ಹೋಗುತ್ತಾರೆ ಅನ್ನುವುದು. ಈ ಪ್ರಶ್ನೆಗೆ ನಿಲ್ಲದ ಪುಟ ಎಷ್ಟೇ ಸೊಗಸಾಗಿದ್ದರೂ ಅದನ್ನು ಬದಲಾಯಿಸಲೇಬೇಕು.

ಶುರುವಿನಲ್ಲಿ ಏನೂ ಬರೆಯಬೇಡಿ, ಪಟ್ಟಿ ಮಾಡಿ. ಒಂದು ಸ್ಪ್ರೆಡ್‌ಶೀಟ್ ತೆಗೆದು ಇರುವ ಪುಟಗಳನ್ನೆಲ್ಲ ಸಾಲಾಗಿ ಹಾಕಿ. ರೀಡ್‌ಮಿಯ ಒಂದೊಂದು ಹೆಡಿಂಗ್, ಮ್ಯಾನ್ ಪೇಜ್ (ಟರ್ಮಿನಲ್‌ನಲ್ಲೇ ತೆರೆಯುವ ಕೈಪಿಡಿ), ವಿಕಿ, ಹೆಲ್ಪ್ ಎಲ್ಲವೂ ಅದರಲ್ಲಿ ಬರಲಿ. ಪ್ರತಿಯೊಂದರ ಮುಂದೆ ಅದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಅದೇ ಮಾತು ಇನ್ನೆಲ್ಲಿದೆ, ಇವತ್ತಿನ ರಿಲೀಸ್‌ನಲ್ಲಿ ಅದು ನಿಜವೇ ಅಂತ ಬರೆಯಿರಿ. ಪಕ್ಕದಲ್ಲೇ ಇಶ್ಯೂ ಟ್ರ್ಯಾಕರ್ ತೆರೆದುಕೊಳ್ಳಿ. 'ಇದು ಬಗ್ ಅಲ್ಲ, ಹೀಗೆ ಮಾಡಿ' ಅಂತ ಹೇಳಿ ಮುಚ್ಚಿದ ಇಶ್ಯೂಗಳೇ ನಿಮ್ಮ ನಿಧಿ. ಒಂದೇ ಉತ್ತರವನ್ನು ಪದೇ ಪದೇ ಬರೆದಿದ್ದೀರಿ ಅಂದರೆ ಆ ಉತ್ತರಕ್ಕೆ ಡಾಕ್ಯುಮೆಂಟೇಶನ್‌ನಲ್ಲಿ ಜಾಗವಿಲ್ಲ, ಅಥವಾ ಇದ್ದರೂ ಯಾರಿಗೂ ಸಿಗುತ್ತಿಲ್ಲ.

ಆಪ್ಶನ್‌ಗಳ (ಕಮಾಂಡ್ ಜೊತೆ ಕೊಡುವ '--ಅಪ್‌ಗ್ರೇಡ್' ಥರದ ಸೂಚನೆಗಳ) ವಿವರಣೆಯ ವಿಷಯಕ್ಕೆ ಬಂದರೆ, ಅದು ಕೋಡ್‌ನಲ್ಲಿ ಮಾತ್ರ ಇರಬೇಕು. ಹೆಲ್ಪ್‌ನಲ್ಲಿ ತೋರಿಸುವ ಸಾಲು ಹೇಗೂ ಕೋಡ್‌ನಲ್ಲಿ ಇದ್ದೇ ಇರುತ್ತದೆ. ವೆಬ್ ಪುಟ, ಮ್ಯಾನ್ ಪೇಜ್ ಎರಡೂ ಅಲ್ಲಿಂದಲೇ ತೆಗೆದುಕೊಳ್ಳಲಿ. ಪೈಥಾನ್‌ನ ಮಾಮೂಲಿ ಪ್ಯಾಕೇಜ್ ಇನ್‌ಸ್ಟಾಲರ್ ಆದ ಪಿಪ್‌ನ ಯೋಜನೆ ಇದನ್ನೇ ಮಾಡುತ್ತದೆ. ಡಾಕ್ಯುಮೆಂಟೇಶನ್ ಪುಟಗಳನ್ನು ತಯಾರಿಸುವ ಸ್ಫಿಂಕ್ಸ್ ಅನ್ನುವ ಟೂಲ್‌ಗೆ ಅಂತ ಅವರೇ ಒಂದು ಎಕ್ಸ್‌ಟೆನ್ಶನ್ ಬರೆದುಕೊಂಡಿದ್ದಾರೆ, ಬಿಲ್ಡ್ ಆಗುವಾಗ ಪ್ರತಿ ಕಮಾಂಡ್‌ನ ಆಪ್ಶನ್‌ಗಳು ಕೋಡ್‌ನಿಂದ ನೇರವಾಗಿ ಪುಟಕ್ಕೆ ಬರುತ್ತವೆ. ನಿಮ್ಮದೂ ಪೈಥಾನ್, ಆದ್ದರಿಂದ ಇದು ದೊಡ್ಡ ಕೆಲಸವೇನಲ್ಲ. ಇದೊಂದು ಆದರೆ ಹೆಲ್ಪ್‌ಗೂ ವೆಬ್‌ಸೈಟ್‌ಗೂ ಇರುವ ಜಗಳ ಪೂರ್ತಿ ನಿಲ್ಲುತ್ತದೆ.

ಆಮೇಲೆ ಆ ಸಾಲುಗಳನ್ನು ಓದಿ ನೋಡಿ. '--ಅಪ್‌ಗ್ರೇಡ್: ಪ್ಯಾಕೇಜ್‌ಗಳನ್ನು ಅಪ್‌ಗ್ರೇಡ್ ಮಾಡುತ್ತದೆ.' ಇಂಥ ಸಾಲು ಎಷ್ಟೋ ಟೂಲ್‌ಗಳಲ್ಲಿ ಇದೆ. ಇದರಿಂದ ಓದುಗನಿಗೆ ಹೊಸದಾಗಿ ಗೊತ್ತಾಗಿದ್ದೇನು? ಏನೂ ಇಲ್ಲ. ಅವನ ಪ್ರಶ್ನೆ ಬೇರೆ ಇದೆ: ನಾನು ಹೆಸರು ಹೇಳಿದ ಪ್ಯಾಕೇಜ್ ಒಂದೇ ಬದಲಾಗುತ್ತದೋ, ಅದು ನಂಬಿಕೊಂಡಿರುವ ಬೇರೆ ಪ್ಯಾಕೇಜ್‌ಗಳು, ಅಂದರೆ ಡಿಪೆಂಡೆನ್ಸಿಗಳೂ ಬದಲಾಗುತ್ತವೋ? ಪಿಪ್‌ನಲ್ಲೇ ಇದರ ಉತ್ತರ ಒಮ್ಮೆ ಬದಲಾಗಿದೆ. 2018ರ ಪಿಪ್ 10ಕ್ಕೆ ಮುಂಚೆ, ಅಪ್‌ಗ್ರೇಡ್ ಅಂದರೆ ಡಿಪೆಂಡೆನ್ಸಿಗಳನ್ನೂ ಸೇರಿಸಿ ಎಲ್ಲವನ್ನೂ ಮೇಲಕ್ಕೆ ಎಳೆಯುವುದೇ ರೂಢಿಯಾಗಿತ್ತು. 10ರಿಂದ ಈಚೆಗೆ, ಕೇಳಿದ ಪ್ಯಾಕೇಜ್‌ಗೆ ಬೇಕಾದರೆ ಮಾತ್ರ ಡಿಪೆಂಡೆನ್ಸಿಯನ್ನು ಮುಟ್ಟುತ್ತದೆ. ಓಡುತ್ತಿರುವ ಒಂದು ವ್ಯವಸ್ಥೆಯ ಮೇಲೆ ಈ ಕಮಾಂಡ್ ಕೊಡುವವರಿಗೆ ಈ ಎರಡರ ನಡುವೆ ಭೂಮಿ ಆಕಾಶದ ವ್ಯತ್ಯಾಸವಿದೆ. ಪ್ರತಿ ಆಪ್ಶನ್‌ಗೂ ಎರಡು ಮಾತು ಕಡ್ಡಾಯವಾಗಿ ಬರೆಯಿರಿ: ಕೊಡದೇ ಇದ್ದರೆ ಏನಾಗುತ್ತದೆ, ಕೊಟ್ಟರೆ ಡಿಸ್ಕ್ ಮೇಲೆ ಏನು ಬದಲಾಗುತ್ತದೆ. ತೆಗೆಯುವ ಕಮಾಂಡ್‌ಗೂ ಇದೇ ನಿಯಮ. ಪಿಪ್‌ನಲ್ಲಿ ಒಂದು ಪ್ಯಾಕೇಜ್ ಅನ್‌ಇನ್‌ಸ್ಟಾಲ್ ಮಾಡಿದರೆ ಅದರ ಜೊತೆ ಬಂದಿದ್ದ ಡಿಪೆಂಡೆನ್ಸಿಗಳು ಹಾಗೇ ಉಳಿಯುತ್ತವೆ. ಹೋಗುತ್ತವೆ ಅಂದುಕೊಂಡವರೇ ಜಾಸ್ತಿ. ನಿಮ್ಮ ಟೂಲ್ ಏನು ಮಾಡುತ್ತದೋ ಅದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ಹೆಲ್ಪ್ ಬಗ್ಗೆ ಇನ್ನೊಂದು ಮಾತು, ಇದು ಇನ್‌ಸ್ಟಾಲರ್‌ಗಳಿಗೇ ವಿಶೇಷ. ಇನ್‌ಸ್ಟಾಲ್ ಕೈಕೊಡುವುದಕ್ಕೆ ದೊಡ್ಡ ಕಾರಣವೇ ನೆಟ್‌ವರ್ಕ್: ಪ್ರಾಕ್ಸಿ, ಸರ್ಟಿಫಿಕೇಟ್, ಟೈಮ್ಔಟ್. ಆ ಮಿಷಿನ್‌ನಲ್ಲಿ ನಿಮ್ಮ ವೆಬ್‌ಸೈಟ್ ಕೂಡ ತೆರೆಯದೇ ಇರಬಹುದು, ಎಷ್ಟೋ ಸರ್ವರ್‌ಗಳಲ್ಲಿ ಬ್ರೌಸರ್ರೇ ಇರುವುದಿಲ್ಲ. ಹಾಗಾಗಿ ನೆಟ್‌ವರ್ಕ್ ತೊಂದರೆಗೆ ಸಂಬಂಧಿಸಿದ ಮಾಹಿತಿ ಟೂಲ್ ಜೊತೆಗೇ ಹೋಗಬೇಕು, ಹೆಲ್ಪ್‌ನಲ್ಲೋ ಮ್ಯಾನ್ ಪೇಜ್‌ನಲ್ಲೋ. 'ಹೆಚ್ಚಿನ ವಿವರಕ್ಕೆ ವೆಬ್‌ಸೈಟ್ ನೋಡಿ' ಅನ್ನುವುದು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪುಟಗಳನ್ನು ವಿಂಗಡಿಸಲು ಡಯಾಟಾಕ್ಸಿಸ್ ಅನ್ನುವ ಪದ್ಧತಿ ಇದೆ, ಬಹಳ ಯೋಜನೆಗಳು ಅದನ್ನು ಅನುಸರಿಸುತ್ತವೆ. ಕಲಿಸುವ ಪಾಠ, ಕೆಲಸ ಮಾಡಿಸುವ ಗೈಡ್, ರೆಫರೆನ್ಸ್, ವಿವರಣೆ ಅಂತ ನಾಲ್ಕು ಬಗೆ. ಒಳ್ಳೆಯ ಪದ್ಧತಿಯೇ. ಆದರೆ ನಾಲ್ಕಕ್ಕೂ ಸಮ ಜಾಗ ಕೊಡಬೇಕು ಅಂತ ಏನಿಲ್ಲ. ಇನ್‌ಸ್ಟಾಲರ್‌ಗೆ ಪಾಠ ಒಂದೇ ಪುಟ ಸಾಕು: ಒಂದು ಪ್ಯಾಕೇಜ್ ಹಾಕುವುದು, ನೋಡುವುದು, ತೆಗೆಯುವುದು. ರೆಫರೆನ್ಸ್ ಅಂತೂ ಕೋಡ್‌ನಿಂದ ಬರುತ್ತದೆ. ನಿಮ್ಮ ಶ್ರಮವೆಲ್ಲ ಗೈಡ್‌ಗಳಿಗೆ, ಅದರಲ್ಲೂ ತೊಂದರೆ ಬಿಡಿಸುವ ಪುಟಗಳಿಗೆ ಹೋಗಲಿ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅಂದುಕೊಂಡಿರುವ ವಿಷಯ: ಕಾಪಿ ಮಾಡುವ ಕಮಾಂಡ್‌ಗಳು. ಜನ ನಿಮ್ಮ ವಾಕ್ಯಗಳನ್ನು ಓದುವುದಿಲ್ಲ. ಬೂದು ಬಣ್ಣದ ಪೆಟ್ಟಿಗೆ ಎಲ್ಲಿದೆ ನೋಡುತ್ತಾರೆ, ಅದರಲ್ಲಿರುವುದನ್ನು ಕಾಪಿ ಮಾಡಿ ಟರ್ಮಿನಲ್‌ಗೆ ಹಾಕುತ್ತಾರೆ. ಹಾಗಿದ್ದಾಗ ಆ ಪೆಟ್ಟಿಗೆಯೊಳಗಿನ ಒಂದೊಂದು ಅಕ್ಷರಕ್ಕೂ ನೀವೇ ಜವಾಬ್ದಾರರು. ಈ ಸಾಲು ನೋಡಿ:

ಪಿಪ್ ಇನ್‌ಸ್ಟಾಲ್ ರಿಕ್ವೆಸ್ಟ್ಸ್>=2.0

ನೋಡಲು ಸರಿಯಾಗೇ ಇದೆ ಅಲ್ವಾ? ರಿಕ್ವೆಸ್ಟ್ಸ್ ಪ್ಯಾಕೇಜ್‌ನ 2.0 ಅಥವಾ ಅದಕ್ಕಿಂತ ಮೇಲಿನ ವರ್ಶನ್ ಬೇಕು ಅಂತ ಕೇಳಿದ ಹಾಗೆ. ಆದರೆ ಈ ಸಾಲು ಪಿಪ್‌ನ ಕೈಗೆ ಹೋಗುವ ಮೊದಲು ಶೆಲ್‌ನ ಕೈಗೆ, ಅಂದರೆ ಟರ್ಮಿನಲ್‌ನಲ್ಲಿ ಬರೆದದ್ದನ್ನು ಓದಿ ಓಡಿಸುವ ಪ್ರೋಗ್ರಾಂ ಕೈಗೆ, ಹೋಗುತ್ತದೆ. ಶೆಲ್‌ಗೆ '>' ಅಂದರೆ 'ಬರುವ ಔಟ್‌ಪುಟ್ಟನ್ನು ಈ ಫೈಲ್‌ಗೆ ಬರೆ' ಅಂತ ಅರ್ಥ. ಹಾಗಾಗಿ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಬ್ಯಾಶ್ ಶೆಲ್‌ನಲ್ಲಿ ಪಿಪ್‌ಗೆ ಸಿಗುವುದು ಬರೀ ರಿಕ್ವೆಸ್ಟ್ಸ್ ಅನ್ನುವ ಹೆಸರು, ವರ್ಶನ್ನಿನ ಮಾತೇ ಅದಕ್ಕೆ ತಲುಪುವುದಿಲ್ಲ. ಅದು ಸ್ಕ್ರೀನ್ ಮೇಲೆ ಹೇಳಬೇಕಾದ್ದೆಲ್ಲ '=2.0' ಅನ್ನುವ ಹೆಸರಿನ ಹೊಸ ಫೈಲ್‌ಗೆ ಹೋಗಿ ಸೇರುತ್ತದೆ. ಎರರ್ ಬರುವುದಿಲ್ಲ, ಟರ್ಮಿನಲ್ ಮೌನವಾಗಿರುತ್ತದೆ. ಬಳಸುವವರು ಎಲ್ಲ ಸರಿಯಾಯಿತು ಅಂದುಕೊಂಡು ಮುಂದೆ ಹೋಗುತ್ತಾರೆ. ಹಳೆ ವರ್ಶನ್ ಮೊದಲೇ ಇದ್ದರೆ ಅದೇ ಉಳಿಯುತ್ತದೆ, ತಪ್ಪು ಎಲ್ಲಿ ಆಯಿತು ಅಂತ ಹುಡುಕಲು ಅವರ ಹತ್ತಿರ ಒಂದು ಸುಳಿವೂ ಇರುವುದಿಲ್ಲ. ಯಾವುದಾದರೂ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಇಂಥ ವಿಚಿತ್ರ ಹೆಸರಿನ ಫೈಲ್ ಕಂಡರೆ ಅಲ್ಲಿ ಯಾರೋ ಕೋಟ್ಸ್ ಇಲ್ಲದ ಕಮಾಂಡ್ ಕಾಪಿ ಮಾಡಿದ್ದಾರೆ ಅಂತ ತಿಳಿಯಿರಿ.

ಚೌಕ ಬ್ರಾಕೆಟ್ ಇರುವ ಹೆಸರುಗಳದ್ದೂ ಇಂಥದ್ದೇ ಕಥೆ. ರಿಕ್ವೆಸ್ಟ್ಸ್ ಜೊತೆ ಸಾಕ್ಸ್ ಅನ್ನುವ ಹೆಚ್ಚುವರಿ ಸೌಲಭ್ಯವನ್ನೂ ಕೇಳಲು 'ರಿಕ್ವೆಸ್ಟ್ಸ್[ಸಾಕ್ಸ್]' ಅಂತ ಬರೆದರೆ ಬ್ಯಾಶ್‌ನಲ್ಲಿ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಜೆಡ್‌ಶೆಲ್ ಅನ್ನುವ ಇನ್ನೊಂದು ಶೆಲ್ ಮಾತ್ರ ಆ ಬ್ರಾಕೆಟ್ಟನ್ನು ಫೈಲ್ ಹೆಸರು ಹುಡುಕುವ ಪ್ಯಾಟರ್ನ್ ಅಂದುಕೊಂಡು, 'ಹೊಂದುವ ಹೆಸರು ಸಿಗಲಿಲ್ಲ' ಅಂತ ಅಲ್ಲೇ ನಿಲ್ಲಿಸುತ್ತದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲೀನಾ ಆವೃತ್ತಿಯಿಂದ ಜೆಡ್‌ಶೆಲ್ಲೇ ಡೀಫಾಲ್ಟ್. ಅಂದರೆ ನೀವು ಲಿನಕ್ಸ್‌ನಲ್ಲಿ ಪರೀಕ್ಷೆ ಮಾಡಿ ಹಾಕಿದ ಕಮಾಂಡ್ ಮ್ಯಾಕ್‌ನವರಿಗೆ ಮೊದಲ ಹೆಜ್ಜೆಯಲ್ಲೇ ಎಡವಿಸುತ್ತದೆ.

ಪರಿಹಾರ ಸುಲಭ, ಕೋಟ್ಸ್ ಹಾಕಿ. ಯಾವ ಕೋಟ್ಸ್ ಅನ್ನುವುದೂ ಮುಖ್ಯ. ಒಂಟಿ ಕೋಟ್ಸ್ ಬ್ಯಾಶ್, ಜೆಡ್‌ಶೆಲ್ ಎರಡರಲ್ಲೂ ನಡೆಯುತ್ತದೆ, ವಿಂಡೋಸ್‌ನ ಹಳೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ನಡೆಯುವುದಿಲ್ಲ. ಜೋಡಿ ಕೋಟ್ಸ್ ಎಲ್ಲ ಕಡೆ ನಡೆಯುತ್ತದೆ. ಆದ್ದರಿಂದ ಡಾಕ್ಯುಮೆಂಟೇಶನ್ ಉದ್ದಕ್ಕೂ ಜೋಡಿ ಕೋಟ್ಸ್ ಅಂತ ನಿಯಮ ಮಾಡಿಕೊಂಡುಬಿಡಿ. ಸಾಲಿನ ಮುಂದೆ ಡಾಲರ್ ಚಿಹ್ನೆ ಹಾಕುವ ಪದ್ಧತಿಯನ್ನೂ ಬಿಡಿ. ಅದು ಪ್ರಾಂಪ್ಟ್ ಅಂತ ನಿಮಗೆ ಗೊತ್ತು, ಮೊದಲ ಸಲ ಟರ್ಮಿನಲ್ ತೆರೆದವರಿಗೆ ಗೊತ್ತಿಲ್ಲ. ಔಟ್‌ಪುಟ್ ತೋರಿಸಬೇಕಾದರೆ ಇನ್ನೊಂದು ಪೆಟ್ಟಿಗೆಯಲ್ಲಿ ತೋರಿಸಿ.

ಸ್ಫಿಂಕ್ಸ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ಅದರಲ್ಲಿ ಸ್ಮಾರ್ಟ್‌ಕೋಟ್ಸ್ ಅನ್ನುವ ಸೌಲಭ್ಯ ತಾನಾಗೇ ಆನ್ ಆಗಿರುತ್ತದೆ. ಮಾಮೂಲಿ ವಾಕ್ಯದ ನಡುವೆ ಎರಡು ಹೈಫನ್ ಇರುವ ಆಪ್ಶನ್ ಹೆಸರು ಬರೆದರೆ, ಅದು ಆ ಎರಡು ಹೈಫನ್ನನ್ನು ಸೇರಿಸಿ ಒಂದು ಉದ್ದ ಗೆರೆ ಮಾಡಿಬಿಡುತ್ತದೆ. ಕಣ್ಣಿಗೆ ಹೆಚ್ಚೇನೂ ಬೇರೆ ಕಾಣುವುದಿಲ್ಲ. ಕಾಪಿ ಮಾಡಿ ಹಾಕಿದರೆ ಟೂಲ್‌ಗೆ ಅದು ಆಪ್ಶನ್ ಅಂತಲೇ ಗೊತ್ತಾಗುವುದಿಲ್ಲ. ಆಪ್ಶನ್ ಹೆಸರು ಎಲ್ಲೇ ಬಂದರೂ ಕೋಡ್ ಗುರುತಿನೊಳಗೆ ಇಡಿ, ಅಲ್ಲಿ ಈ ಬದಲಾವಣೆ ಆಗುವುದಿಲ್ಲ.

ಉದಾಹರಣೆಗೆ ಕೊಡುವ ಪ್ಯಾಕೇಜ್ ಹೆಸರುಗಳ ಮೇಲೂ ಕಣ್ಣಿಡಿ. ಬೇರೆ ಸಾಫ್ಟ್‌ವೇರ್‌ಗಳ ಡಾಕ್ಯುಮೆಂಟೇಶನ್‌ನಲ್ಲಿ 'ನನ್ನ-ಪ್ಯಾಕೇಜ್' ಅಂತ ಏನೋ ಒಂದು ಹೆಸರು ಹಾಕಿದರೆ ಪರವಾಗಿಲ್ಲ. ಇನ್‌ಸ್ಟಾಲರ್‌ನಲ್ಲಿ ಅದು ಅಪಾಯ. ಸಾರ್ವಜನಿಕ ಇಂಡೆಕ್ಸ್‌ನಲ್ಲಿ, ಅಂದರೆ ಪ್ಯಾಕೇಜ್‌ಗಳು ಸಿಗುವ ಭಂಡಾರದಲ್ಲಿ, ಆ ಹೆಸರನ್ನು ಯಾರು ಬೇಕಾದರೂ ನೋಂದಾಯಿಸಿಕೊಂಡು ಒಳಗೆ ಏನು ಬೇಕಾದರೂ ಇಡಬಹುದು, ನಿಮ್ಮ ಪುಟ ನೋಡಿ ಕಾಪಿ ಮಾಡಿದವರ ಮಿಷಿನ್‌ನಲ್ಲಿ ಅದು ಓಡುತ್ತದೆ. ನಿಮ್ಮ ತಂಡದ ಹತೋಟಿಯಲ್ಲೇ ಇರುವ ಹೆಸರು ಬಳಸಿ. ಪೈಥಾನ್ ಪ್ಯಾಕೇಜಿಂಗ್ ತಂಡದವರು ಇದಕ್ಕೆಂದೇ 'ಸ್ಯಾಂಪಲ್‌ಪ್ರಾಜೆಕ್ಟ್' ಅಂತ ಒಂದನ್ನು ಇಟ್ಟುಕೊಂಡಿದ್ದಾರೆ. ನೀವೂ ಒಂದು ಪುಟ್ಟ ಖಾಲಿ ಪ್ಯಾಕೇಜ್ ಮಾಡಿ ನಿಮ್ಮ ಹೆಸರಲ್ಲಿ ಇಟ್ಟುಬಿಡಿ.

ಭದ್ರತೆಯ ಮಾತು ಬಂದದ್ದರಿಂದ ಹೇಳುತ್ತೇನೆ. ನಿಮ್ಮ ಟೂಲ್ ಒಂದಕ್ಕಿಂತ ಹೆಚ್ಚು ಇಂಡೆಕ್ಸ್ ಬಳಸಲು ಬಿಡುತ್ತದೆ ಅಂದರೆ ಆ ಪುಟವನ್ನು ಮೊದಲು ಸರಿಮಾಡಿ. ಪಿಪ್‌ನಲ್ಲಿ '--ಎಕ್ಸ್‌ಟ್ರಾ-ಇಂಡೆಕ್ಸ್-ಯುಆರ್‌ಎಲ್' ಕೊಟ್ಟಾಗ ಇಂಡೆಕ್ಸ್‌ಗಳ ನಡುವೆ ಮೇಲು ಕೀಳು ಇರುವುದಿಲ್ಲ. ಎಲ್ಲ ಕಡೆ ಹುಡುಕಿ ಹೊಂದುವವುಗಳಲ್ಲಿ ಉತ್ತಮ ವರ್ಶನ್ ಅಂತ ಕಂಡದ್ದನ್ನು ತೆಗೆದುಕೊಳ್ಳುತ್ತದೆ. ಕಂಪನಿಯೊಳಗಿನ ಪ್ಯಾಕೇಜ್‌ನ ಹೆಸರಲ್ಲೇ ಹೊರಗಿನವರೊಬ್ಬರು ಸಾರ್ವಜನಿಕ ಇಂಡೆಕ್ಸ್‌ನಲ್ಲಿ ದೊಡ್ಡ ವರ್ಶನ್ ನಂಬರ್ ಹಾಕಿ ಇಟ್ಟರೆ ಅದೇ ಇನ್‌ಸ್ಟಾಲ್ ಆಗುತ್ತದೆ. 2021ರಲ್ಲಿ 'ಡಿಪೆಂಡೆನ್ಸಿ ಕನ್‌ಫ್ಯೂಶನ್' ಅನ್ನುವ ಹೆಸರಲ್ಲಿ ಇದು ದೊಡ್ಡ ಸುದ್ದಿಯಾಯಿತು, ದೊಡ್ಡ ದೊಡ್ಡ ಕಂಪನಿಗಳಿಗೇ ಇದು ನಾಟಿತ್ತು. ಇಂಥ ಎಚ್ಚರಿಕೆ ಕಮಾಂಡ್‌ಗಿಂತ ಮೇಲೆ ಬರಬೇಕು. ಕೆಳಗೆ ಬರೆದರೆ ಅಷ್ಟು ಹೊತ್ತಿಗೆ ಕಾಪಿ ಆಗಿ ಹೋಗಿರುತ್ತದೆ. ಆದರೆ ಎಚ್ಚರಿಕೆಯ ಪೆಟ್ಟಿಗೆಯನ್ನು ಬೇಕಾಬಿಟ್ಟಿ ಬಳಸಬೇಡಿ. ಪುಟಕ್ಕೆ ನಾಲ್ಕಾರು ಇದ್ದರೆ ಯಾವುದನ್ನೂ ಯಾರೂ ನೋಡುವುದಿಲ್ಲ. ಡೇಟಾ ಹೋಗುತ್ತದೆ, ಸಿಸ್ಟಮ್ ಕೆಡುತ್ತದೆ, ಬೇಡದ ಕೋಡ್ ಓಡುತ್ತದೆ ಅನ್ನುವಂಥ ಕಡೆ ಮಾತ್ರ ಇರಲಿ, ಉಳಿದವನ್ನೆಲ್ಲ ಮಾಮೂಲಿ ವಾಕ್ಯ ಮಾಡಿ.

ಎರರ್ ಮೆಸೇಜ್ ಕೂಡ ಡಾಕ್ಯುಮೆಂಟೇಶನ್ನೇ. ಹೇಳಬೇಕೆಂದರೆ ಎಲ್ಲರೂ ಓದುವ ಪುಟ ಅದೊಂದೇ. ನೀವು ಕೋಡ್ ಬರೆಯುವವರು ಅಂದಿರಲ್ಲ, ಇಲ್ಲಿ ನಿಮ್ಮ ಕೈ ಬರಹಗಾರರಿಗಿಂತ ಮೇಲು. ಪಿಪ್‌ನಲ್ಲಿ ಡಿಪೆಂಡೆನ್ಸಿಗಳ ಪಟ್ಟಿ ಇರುವ ಫೈಲ್‌ನಿಂದ ಇನ್‌ಸ್ಟಾಲ್ ಮಾಡಲು ಒಂದು ಚಿಕ್ಕ ಆಪ್ಶನ್ ಕೊಡಬೇಕು. ಅದನ್ನು ಮರೆತು ಬರೀ ಫೈಲ್ ಹೆಸರು ಕೊಟ್ಟರೆ, ಪಿಪ್ ಅದನ್ನು ಪ್ಯಾಕೇಜ್ ಹೆಸರು ಅಂದುಕೊಂಡು ಇಂಡೆಕ್ಸ್‌ನಲ್ಲಿ ಹುಡುಕಲು ಹೋಗುತ್ತದೆ. 'ಸಿಗಲಿಲ್ಲ' ಅಂತಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಅದರ ಜೊತೆ ಒಂದು ಹಿಂಟ್ ಕೂಡ ಕೊಡುತ್ತದೆ: ಈ ಹೆಸರಿನ ಪ್ಯಾಕೇಜ್ಜನ್ನೇ ಹಾಕಲು ನೋಡುತ್ತಿದ್ದೀರಿ, ಫೈಲ್‌ನಿಂದ ಹಾಕಬೇಕಿದ್ದರೆ ಆ ಆಪ್ಶನ್ ಬಳಸಿ ಅಂತ. ಒಂದು ಇಡೀ ಪುಟ ಮಾಡಬೇಕಿದ್ದ ಕೆಲಸವನ್ನು ಆ ಒಂದು ಸಾಲು ಮಾಡುತ್ತದೆ.

ಇನ್ನೂ ದೊಡ್ಡ ಉದಾಹರಣೆ ಡೆಬಿಯನ್ 12 ಅನ್ನುವ ಲಿನಕ್ಸ್. 2023ರಲ್ಲಿ ಬಂದ ಆ ಆವೃತ್ತಿಯಲ್ಲಿ, ಪೆಪ್ 668 ಅನ್ನುವ ಪೈಥಾನ್ ಸಮುದಾಯದ ಪ್ರಸ್ತಾವದ ಪ್ರಕಾರ, ಸಿಸ್ಟಮ್‌ನ ಪೈಥಾನ್ ಒಳಗೆ ನೇರವಾಗಿ ಪಿಪ್‌ನಿಂದ ಪ್ಯಾಕೇಜ್ ಹಾಕಲು ಬಿಡುವುದಿಲ್ಲ. ವರ್ಷಗಳಿಂದ ರೂಢಿಯಾಗಿದ್ದ ಕಮಾಂಡ್ ಒಂದು ದಿನ ನಿಂತುಹೋದರೆ ಜನಕ್ಕೆ ಗಾಬರಿಯಾಗುತ್ತದೆ. ಆದರೆ ಅಲ್ಲಿ ಬರುವ ಮೆಸೇಜ್ ನೋಡಿ. ಈ ಪೈಥಾನ್‌ನ ನಿರ್ವಹಣೆ ಪಿಪ್‌ನ ಹೊರಗೆ ನಡೆಯುತ್ತಿದೆ ಅನ್ನುತ್ತದೆ, ಡೆಬಿಯನ್‌ನ ಸ್ವಂತ ಇನ್‌ಸ್ಟಾಲರ್ ಆಪ್ಟ್‌ನಿಂದ ಸಿಗುವುದಾದರೆ ಅಲ್ಲಿಂದ ಹಾಕಿ ಅನ್ನುತ್ತದೆ, ಸಿಗದಿದ್ದರೆ ವರ್ಚುವಲ್ ಎನ್ವಿರಾನ್ಮೆಂಟ್ (ಸಿಸ್ಟಮ್‌ನಿಂದ ಬೇರೆಯಾದ ಪೈಥಾನ್ ಜಾಗ) ಮಾಡಿಕೊಳ್ಳುವ ಕಮಾಂಡ್ ಇಗೋ ಅಂತ ಕೊಡುತ್ತದೆ, ಬರೀ ಒಂದು ಅಪ್ಲಿಕೇಶನ್ ಬೇಕಿದ್ದರೆ ಪಿಪ್ಎಕ್ಸ್ ಬಳಸಿ ಅನ್ನುತ್ತದೆ. ಇಷ್ಟಾದರೂ ಬಿಡದೆ ಹಾಕಲೇಬೇಕು ಅನ್ನುವವರಿಗೆ ಇರುವ ಆಪ್ಶನ್‌ನ ಹೆಸರೇ '--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್'. ಟೈಪ್ ಮಾಡುವಾಗಲೇ ಏನು ಮಾಡುತ್ತಿದ್ದೇವೆ ಅಂತ ಗೊತ್ತಾಗುತ್ತದೆ.

ನಿಮ್ಮ ಟೂಲ್‌ನ ಮುಖ್ಯ ಎರರ್‌ಗಳಿಗೆ ಒಂದೊಂದು ಪುಟ ಮಾಡಿ. ಹೆಡಿಂಗ್‌ನಲ್ಲಿ ಆ ಎರರ್‌ನ ಮಾತನ್ನು ಅಕ್ಷರ ಬಿಡದೆ ಹಾಗೇ ಇಡಿ, ಯಾಕೆಂದರೆ ಜನ ಅದನ್ನೇ ಕಾಪಿ ಮಾಡಿ ಹುಡುಕುತ್ತಾರೆ. 'ಅನುಮತಿ ಸಂಬಂಧಿ ತೊಂದರೆಗಳು' ಅನ್ನುವ ಹೆಡಿಂಗ್ ಹುಡುಕಿದಾಗ ಸಿಗುವುದಿಲ್ಲ. ಮೊದಲ ಸಾಲಲ್ಲಿ ಏನಾಗಿದೆ, ಎರಡನೆಯದರಲ್ಲಿ ಏನು ಮಾಡಬೇಕು. ಯಾಕೆ ಹೀಗೆ ಅನ್ನುವುದು ಆಮೇಲೆ ಬರಲಿ, ಬೇಕಾದವರು ಓದುತ್ತಾರೆ. ಸೂಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಮತ್ತೆ ಓಡಿಸಿ ಅನ್ನುವ ಸಲಹೆ ನಿಮ್ಮ ಪುಟಗಳಲ್ಲಿ ಎಲ್ಲೇ ಇದ್ದರೂ ಇವತ್ತೇ ತೆಗೆಯಿರಿ. ಇನ್‌ಸ್ಟಾಲ್ ಆಗುವಾಗ ಪ್ಯಾಕೇಜ್ ತನ್ನದೇ ಕೋಡ್ ಓಡಿಸಬಹುದು, ಅದಕ್ಕೆ ಇಡೀ ಮಿಷಿನ್‌ನ ಬೀಗದ ಕೈ ಕೊಟ್ಟ ಹಾಗಾಗುತ್ತದೆ. ಸಿಸ್ಟಮ್ ಹಾಕಿಟ್ಟ ಫೈಲ್‌ಗಳ ಮೇಲೆ ಬರೆದುಬಿಡುವ ಅಪಾಯ ಬೇರೆ.

ಹಳತಾದ ಸಲಹೆಗಳಿಗೆ ಬರೋಣ. ಜಾವಾಸ್ಕ್ರಿಪ್ಟ್‌ನ ಇನ್‌ಸ್ಟಾಲರ್ ಎನ್‌ಪಿಎಮ್‌ನಲ್ಲಿ ಮೊದಲು ಪ್ಯಾಕೇಜ್ ಹಾಕುವಾಗ '--ಸೇವ್' ಅಂತ ಕೊಡದಿದ್ದರೆ ಅದು ಪ್ರಾಜೆಕ್ಟ್‌ನ ಡಿಪೆಂಡೆನ್ಸಿ ಪಟ್ಟಿಗೆ ಸೇರುತ್ತಿರಲಿಲ್ಲ. 2017ರ ಎನ್‌ಪಿಎಮ್ 5ರಿಂದ ಅದು ತಾನಾಗೇ ಸೇರುತ್ತದೆ. ಆದರೂ ಆ ಆಪ್ಶನ್ ಇಟ್ಟುಕೊಂಡಿರುವ ರೀಡ್‌ಮಿಗಳು ಈಗಲೂ ಬೇಕಾದಷ್ಟು ಸಿಗುತ್ತವೆ. ಅದರಿಂದ ಕೆಲಸವೇನೂ ಕೆಡುವುದಿಲ್ಲ, ಹೊಸಬರಿಗೆ ಇದೇನು ಅನ್ನುವ ಗೊಂದಲ ಮಾತ್ರ. ಪಿಪ್‌ನ ಸರ್ಚ್ ಕಮಾಂಡ್‌ನದು ಹಾಗಲ್ಲ. ಪೈಥಾನ್‌ನ ಸಾರ್ವಜನಿಕ ಇಂಡೆಕ್ಸ್ ಆದ ಪೈಪಿಐ ತನ್ನ ಕಡೆಯ ಆ ಸೇವೆಯನ್ನೇ ನಿಲ್ಲಿಸಿದ ಮೇಲೆ, ಅದನ್ನು ಹೇಳಿಕೊಡುವ ಪುಟಗಳೆಲ್ಲ ಓದುಗರನ್ನು ನೇರವಾಗಿ ಎರರ್‌ಗೆ ಕರೆದೊಯ್ಯುತ್ತವೆ. ಮ್ಯಾಕ್‌ನಲ್ಲಿ ಬಳಸುವ ಇನ್‌ಸ್ಟಾಲರ್ ಹೋಮ್‌ಬ್ರೂ, ಆಪಲ್‌ನದೇ ಚಿಪ್ ಇರುವ (ಆಪಲ್ ಸಿಲಿಕಾನ್) ಮ್ಯಾಕ್‌ಗಳಲ್ಲಿ ಬೇರೆಯೇ ಫೋಲ್ಡರ್‌ಗೆ ಹೋಗಿ ಕೂರುತ್ತದೆ, ಹಳೆ ಇಂಟೆಲ್ ದಾರಿಯನ್ನು ಗಟ್ಟಿಯಾಗಿ ಬರೆದಿಟ್ಟ ಪುಟಗಳು ಅಲ್ಲಿ ಸುಳ್ಳಾಗುತ್ತವೆ. ನಿಮ್ಮ ಪಟ್ಟಿಯಲ್ಲಿ ಇಂಥವನ್ನು ಬೇರೆ ಮಾಡಿಕೊಳ್ಳಿ. ದಾರಿ ತಪ್ಪಿಸುವವನ್ನು ಮೊದಲು ತೆಗೆಯಿರಿ, ಗೊಂದಲ ಮಾತ್ರ ಮಾಡುವವು ನಿಧಾನಕ್ಕೆ ಹೋಗಲಿ.

ಮುಂದೆ ಮತ್ತೆ ಹೀಗೆ ಆಗದಿರಲು ಸಣ್ಣ ಅಭ್ಯಾಸವೊಂದು ಸಾಕು. 'ಈಗ', 'ಇತ್ತೀಚೆಗೆ', 'ಹೊಸ' ಅನ್ನುವ ಮಾತುಗಳನ್ನು ಬರೆಯಬೇಡಿ, ವರ್ಶನ್ ನಂಬರ್ ಬರೆಯಿರಿ. ಪಿಪ್‌ನ '--ಡ್ರೈ-ರನ್' 22.2ರಲ್ಲಿ ಬಂತು ಅಂತ ಹೇಳಿದರೆ ಇನ್ನು ಹತ್ತು ವರ್ಷ ಆದರೂ ಅದು ನಿಜ. ನೀವು ಬೆಂಬಲಿಸುವ ಅತಿ ಹಳೆ ರಿಲೀಸ್ ಆ ನಂಬರನ್ನು ದಾಟಿದ ದಿನ ಆ ಗುರುತನ್ನೂ ಅಳಿಸಬಹುದು.

ಸೆಟ್ಟಿಂಗ್‌ಗಳ ಬಗ್ಗೆ ಉದ್ದದ ಪುಟ ಬೇಕಿಲ್ಲ, ಯಾವುದು ಯಾವುದನ್ನು ಮೀರುತ್ತದೆ ಅನ್ನುವುದು ಸ್ಪಷ್ಟವಾಗಿದ್ದರೆ ಆಯಿತು. ಪಿಪ್‌ನಲ್ಲಿ ಕಮಾಂಡ್‌ನಲ್ಲಿ ಕೊಟ್ಟದ್ದು ಎಲ್ಲಕ್ಕಿಂತ ಮೇಲು, ಅದಾದ ಮೇಲೆ ಎನ್ವಿರಾನ್ಮೆಂಟ್ ವೇರಿಯಬಲ್, ಕೊನೆಗೆ ಕಾನ್ಫಿಗ್ ಫೈಲ್. ಫೈಲ್‌ಗಳಲ್ಲೂ ಇಡೀ ಮಿಷಿನ್‌ನ ಗ್ಲೋಬಲ್‌ಗಿಂತ ಒಬ್ಬರ ಯೂಸರ್, ಯೂಸರ್‌ಗಿಂತ ಒಂದು ಎನ್ವಿರಾನ್ಮೆಂಟ್‌ನ ಸೈಟ್ ಮೇಲು. ನಿಮ್ಮದನ್ನೂ ಇಷ್ಟೇ ಚಿಕ್ಕದಾಗಿ ಒಂದೇ ಕಡೆ ಬರೆದು, ಉಳಿದ ಪುಟಗಳಿಂದ ಅಲ್ಲಿಗೆ ಲಿಂಕ್ ಕೊಡಿ. ಸ್ಕ್ರಿಪ್ಟ್ ಬರೆಯುವವರಿಗೆ ಯಾವುದನ್ನು ನಂಬಬಹುದು ಅನ್ನುವುದನ್ನೂ ಹೇಳಿ. ಸ್ಕ್ರಿಪ್ಟ್‌ನಲ್ಲಿ ಆಪ್ಟ್ ಕಮಾಂಡ್‌ನ ಔಟ್‌ಪುಟ್ಟನ್ನು ಫೈಲ್‌ಗೋ ಇನ್ನೊಂದು ಪ್ರೋಗ್ರಾಂಗೋ ಕಳಿಸಿದರೆ, ನನ್ನ ಇಂಟರ್‌ಫೇಸ್ ಸ್ಥಿರವಲ್ಲ, ಎಚ್ಚರ ಅಂತ ಅದೇ ಹೇಳುತ್ತದೆ. ಪಿಪ್ 10 ಬಂದಾಗ ಅದರ ಒಳಗಿನ ಕೋಡ್ ಜಾಗ ಬದಲಾಯಿಸಿತು, ಪಿಪ್ಪನ್ನು ಲೈಬ್ರರಿ ಥರ ಇಂಪೋರ್ಟ್ ಮಾಡಿಕೊಂಡಿದ್ದ ಪ್ರೋಗ್ರಾಂಗಳೆಲ್ಲ ಮುರಿದುಬಿದ್ದವು. ಹಾಗೆ ಬಳಸುವುದಕ್ಕೆ ಯಾರೂ ಭರವಸೆ ಕೊಟ್ಟಿರಲಿಲ್ಲ. ಆದರೆ ಭರವಸೆ ಇಲ್ಲ ಅನ್ನುವುದೂ ಎದ್ದು ಕಾಣುವ ಹಾಗೆ ಬರೆದಿರಬೇಕು.

ಕೆಲಸ ಮಾಡುವ ಕ್ರಮದ ಬಗ್ಗೆ ಒಂದೆರಡು ಮಾತು. ಒಂದು ಪುಲ್ ರಿಕ್ವೆಸ್ಟ್‌ಗೆ (ತಂಡದ ಪರಿಶೀಲನೆಗೆ ಕಳಿಸುವ ಬದಲಾವಣೆಗೆ) ಒಂದೇ ಪುಟ. ಪುಟವನ್ನು ಜಾಗ ಬದಲಿಸುವುದು, ಒಳಗಿನ ಮಾತು ತಿದ್ದುವುದು ಎರಡನ್ನೂ ಒಂದೇ ಕಮಿಟ್‌ನಲ್ಲಿ (ಒಮ್ಮೆ ದಾಖಲಿಸುವ ಬದಲಾವಣೆಯಲ್ಲಿ) ಸೇರಿಸಬೇಡಿ. ಸೇರಿಸಿದರೆ ಎಲ್ಲ ಸಾಲೂ ಬದಲಾದ ಹಾಗೆ ಕಾಣುತ್ತದೆ, ನಿಜವಾಗಿ ತಿದ್ದಿದ ಸಾಲು ರಿವ್ಯೂ ಮಾಡುವವರ ಕಣ್ಣಿಗೆ ಬೀಳುವುದಿಲ್ಲ. ಮೊದಲ ಕಮಿಟ್‌ನಲ್ಲಿ ಹಾಗೇ ಎತ್ತಿ ಇಡಿ, ಎರಡನೆಯದರಲ್ಲಿ ತಿದ್ದಿ. ಪುಟದ ವಿಳಾಸ ಬದಲಾದರೆ ಹಳೆ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ ಇರಲೇಬೇಕು. ಇನ್‌ಸ್ಟಾಲರ್‌ಗೆ ಇದು ಇನ್ನೂ ಜಾಸ್ತಿ ಮುಖ್ಯ, ಯಾಕೆಂದರೆ ಎರರ್ ಮೆಸೇಜ್‌ಗಳೊಳಗೆ ನೀವು ಲಿಂಕ್ ಇಟ್ಟಿರುತ್ತೀರಿ. ಆ ರಿಲೀಸ್ ಈಗಾಗಲೇ ಜನರ ಮಿಷಿನ್‌ಗಳಲ್ಲಿ ಇದೆ, ಅದರೊಳಗಿನ ಲಿಂಕ್ ತಿದ್ದಲು ನಿಮ್ಮಿಂದ ಆಗುವುದಿಲ್ಲ.

ಮುರಿದ ಲಿಂಕ್ ಹುಡುಕುವ ಸ್ಫಿಂಕ್ಸ್‌ನ ಲಿಂಕ್‌ಚೆಕ್ ವಾರಕ್ಕೊಮ್ಮೆ ತಾನಾಗೇ ಓಡುವ ಹಾಗೆ ಮಾಡಿ. ಬಿಲ್ಡ್‌ನಲ್ಲಿ ವಾರ್ನಿಂಗ್ ಬಂದರೆ ಅದನ್ನು ಎರರ್ ಅಂತಲೇ ಪರಿಗಣಿಸಿ ನಿಲ್ಲಿಸುವ ಆಪ್ಶನ್ನೂ ಅದರಲ್ಲಿದೆ, ಅದನ್ನು ಆನ್ ಮಾಡಿ. ಸಾಧ್ಯವಾದರೆ ಶುರುವಿನ ಪಾಠದಲ್ಲಿರುವ ಕಮಾಂಡ್‌ಗಳನ್ನು ಪ್ರತಿ ರಿಲೀಸ್‌ಗೂ ಖಾಲಿ ಕಂಟೇನರ್ (ಮಿಷಿನ್‌ನಿಂದ ಬೇರೆಯಾಗಿ ಇಡುವ ಹೊಸ ವ್ಯವಸ್ಥೆ) ಒಂದರಲ್ಲಿ ಓಡಿಸಿ ನೋಡಿ. ನಿಮ್ಮ ಮಿಷಿನ್‌ನಲ್ಲಿ ಬೇಡ, ಅಲ್ಲಿ ಬೇಕಾದದ್ದೆಲ್ಲ ಮೊದಲೇ ಇರುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೀಗಿದೆ. ಈ ವಾರ ಇಶ್ಯೂ ಟ್ರ್ಯಾಕರ್‌ನಲ್ಲಿ ಅತಿ ಹೆಚ್ಚು ಸಲ ಬಂದಿರುವ ಒಂದು ಎರರ್ ಆರಿಸಿಕೊಳ್ಳಿ. ಅದರ ಬಗ್ಗೆ ರೀಡ್‌ಮಿ, ಗೈಡ್, ವಿಕಿ ಎಲ್ಲೆಲ್ಲಿ ಏನೇನಿದೆಯೋ ಒಂದು ಪುಟಕ್ಕೆ ತನ್ನಿ. ಸರಿಯಿಲ್ಲದ್ದನ್ನು ಬಿಡಿ, ಉಳಿದ ಕಡೆ ಅಳಿಸಿ ಲಿಂಕ್ ಇಡಿ. ಎರರ್ ಮೆಸೇಜ್‌ನಲ್ಲೇ ಒಂದು ಸಾಲಿನ ಪರಿಹಾರ ಸೇರಿಸಿ. ಆಮೇಲೆ ನಿಮ್ಮ ಟೂಲ್ ಹಿಂದೆ ಎಂದೂ ಬಳಸದ ಒಬ್ಬರನ್ನು ಕೂರಿಸಿ, ಆ ಎರರ್ ಬರುವ ಹಾಗೆ ಮಾಡಿ, ಪಕ್ಕದಲ್ಲಿ ಸುಮ್ಮನೆ ಕೂತು ನೋಡಿ. ಬಾಯಿ ಬಿಡಬೇಡಿ, ಇದು ಕಷ್ಟ. ಅವರು ಯಾವ ಸಾಲು ಬಿಟ್ಟು ಮುಂದೆ ಹೋದರು, ಯಾವುದನ್ನು ಎರಡು ಸಲ ಓದಿದರು, ಎಲ್ಲಿ ಕಾಪಿ ಮಾಡಿ ಕೈ ಸುಟ್ಟುಕೊಂಡರು ಅಂತ ಬರೆದುಕೊಳ್ಳಿ. ಬಿಟ್ಟ ಸಾಲನ್ನು ಕಿತ್ತುಹಾಕಿ, ಎರಡು ಸಲ ಓದಿದ್ದನ್ನು ಒಡೆದು ಬರೆಯಿರಿ. ಆ ಪುಟ ಮುಗಿದ ಮೇಲೆ ಪಟ್ಟಿಯಲ್ಲಿ ಮುಂದಿನ ಎರರ್ ತೆಗೆದುಕೊಳ್ಳಿ.